ಸುರಂಗದ ಲೆಕ್ಕದಲ್ಲಿ ಮದುವೆ ಗಂಡು

ರಸ್ತೆ ಜಾಲ ಯೋಜಿಸುವುದಕ್ಕೆ ಗಣಿತದಲ್ಲಿ ಒಂದು ಕ್ರಮವಿದೆ. ಏನನ್ನು ಕಡಿಮೆ ಮಾಡಬೇಕು ಅಂತ ಮೊದಲು ತೀರ್ಮಾನಿಸಬೇಕು. ಸಾಮಾನ್ಯವಾಗಿ ಅದು ಜನ ದಾರಿಯಲ್ಲಿ ಕಳೆಯುವ ಸಮಯ. ಆಮೇಲೆ ದುಡ್ಡು ಎಷ್ಟಿದೆ, ಜಾಗ ಎಲ್ಲಿದೆ ಅಂತ ನೋಡಬೇಕು. ಎಲ್ಲಿ ರಸ್ತೆ ಬೇಕು ಅನ್ನುವುದು ಕೊನೆಗೆ ಸಿಗುವ ಉತ್ತರ.

ಬೆಂಗಳೂರು ಈ ಕ್ರಮವನ್ನು ಸುಧಾರಿಸಿದೆ. ಇಲ್ಲಿ ಉತ್ತರವೇ ಮೊದಲು: ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ. ಪ್ರಶ್ನೆಯನ್ನು ನಿಧಾನವಾಗಿ ಹುಡುಕಿಕೊಂಡರಾಯಿತು.

ಹುಡುಕಿದರು ಕೂಡ. ಈ ಯೋಜನೆಯ ವರದಿ ತೆರೆದು ನೋಡಿದರೆ ಒಳಗೆ ವಾಹನ ಸಂಖ್ಯೆಯ ಮಾತಿನಲ್ಲಿ ಮಹಾರಾಷ್ಟ್ರದ ಮಾಲೇಗಾಂವ್, ನಾಸಿಕ್ ಕಾಣಿಸಿಕೊಂಡವು. ತಪ್ಪೇನು ಬಿಡಿ. ನಮ್ಮ ವಾಹನ ಎಣಿಸಬೇಕಾದರೆ ನಮ್ಮ ಟ್ರಾಫಿಕ್‌ನಲ್ಲೇ ಹೋಗಬೇಕಲ್ಲ, ನಾಸಿಕ್‌ಗೆ ಹೋಗಿಬರುವುದೇ ಬೇಗ ಆಗಿರಬೇಕು. ವರದಿ ಬರೆದವರಿಗೆ ಪಾಲಿಕೆ 5 ಲಕ್ಷ ದಂಡ ಹಾಕಿತು. ಸುಮಾರು 17 ಸಾವಿರ ಕೋಟಿಯ ಕೆಲಸದಲ್ಲಿ ಅದು ಭೂಮಿಪೂಜೆಯ ತೆಂಗಿನಕಾಯಿ ಖರ್ಚು.

ಇನ್ನು ಈ ಸುರಂಗದೊಳಗೆ ಬೈಕ್, ಸ್ಕೂಟರಿಗೆ ಪ್ರವೇಶವಿಲ್ಲ ಅಂತಾರೆ. ಆಟೋಗೂ ಇಲ್ಲ. ಈ ಊರಿನ ವಾಹನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದ್ವಿಚಕ್ರದವು. ಅವರು ಮೇಲಿನ ಗುಂಡಿಗಳಲ್ಲೇ ಹೋಗಬೇಕು. ಕೆಳಗೆ ಕಾರಿನವರು ಟೋಲ್ ಕಟ್ಟಿ ಹೋಗುತ್ತಾರೆ.

ಡೀಟ್ರಿಚ್ ಬ್ರೇಸ್ ಅನ್ನುವ ಜರ್ಮನ್ ಗಣಿತಜ್ಞ 1968ರಲ್ಲೇ ಒಂದು ತಕರಾರು ಎತ್ತಿದ್ದರು. ಹೊಸ ರಸ್ತೆ ಸೇರಿಸಿದರೆ ಕೆಲವೊಮ್ಮೆ ಎಲ್ಲರಿಗೂ ತಡವಾಗುತ್ತದೆ ಅಂತ. ಪಾಠದಲ್ಲಿ ಕೊಡುವ ಲೆಕ್ಕ ಹೀಗಿದೆ: 4000 ಕಾರು, ಎರಡು ದಾರಿ, ಅರ್ಧರ್ಧ ಹಂಚಿಕೊಂಡರೆ ಎಲ್ಲರೂ 65 ನಿಮಿಷದಲ್ಲಿ ತಲುಪುತ್ತಾರೆ. ನಡುವೆ ಸಮಯವೇ ಹಿಡಿಯದ ಒಂದು ಅಡ್ಡದಾರಿ ಹಾಕಿ. 'ನಾನೊಬ್ಬ ನುಗ್ಗಿದರೆ ಏನಾಗುತ್ತೆ' ಅಂತ ಅಷ್ಟೂ ಜನ ನುಗ್ಗಿ, ಎರಡೂ ದಾರಿಯ ಇಕ್ಕಟ್ಟಿನ ಭಾಗಗಳಲ್ಲೇ ತುಂಬಿಕೊಳ್ಳುತ್ತಾರೆ. ಈಗ ಎಲ್ಲರಿಗೂ 80 ನಿಮಿಷ! ಹಳೇ ದಾರಿಗೆ ಹೊರಳಿದವನಿಗೆ ಇನ್ನೂ ತಡ. ಬ್ರೇಸ್ ಇದಕ್ಕೆ ಅಷ್ಟೊಂದು ಗಣಿತ ಯಾಕೆ ಬರೆದರೋ, ಮಾರತಹಳ್ಳಿಯಲ್ಲಿ ಒಂದು ಸಂಜೆ ನಿಂತಿದ್ದರೆ ಸಾಕಿತ್ತು.

ಇದರ ಉಲ್ಟಾ ಮಾಡಿದವರೂ ಇದ್ದಾರೆ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ ನಗರದವರು 2003ರಲ್ಲಿ ಊರ ನಡುವಿನ ಮೇಲುರಸ್ತೆಯನ್ನೇ ಕೆಡವಲು ಶುರುಮಾಡಿ, 2005ಕ್ಕೆ ಅಡಿಯಲ್ಲಿದ್ದ ಹೊಳೆಯನ್ನು ಬಿಡಿಸಿಕೊಂಡರು. ಊರೇನೂ ನಿಂತುಹೋಗಲಿಲ್ಲ. ಆದರೆ ಅದು ಕೊರಿಯಾ. ನಾವು ಹೊಳೆ, ಕೆರೆ, ರಾಜಕಾಲುವೆಗಳ ವಿಷಯದಲ್ಲಿ ಹಿಂದಿರುಗಿ ನೋಡುವವರಲ್ಲ.

ಹಾಗಾದರೆ ಸುರಂಗದ ಗುರಿ ಏನು? ಇದಕ್ಕೆ 2025ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ದಾರಿ ತೋರಿಸಿದರು. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ ಅನ್ನುವ ಅರ್ಥದ ಮಾತಾಡಿದರು. ಆಹಾ! ಅರ್ಧ ಶತಮಾನದಿಂದ ಗಣಿತಜ್ಞರು ಪ್ರಯಾಣದ ನಿಮಿಷ ಎಣಿಸುತ್ತಾ ಕೂತಿದ್ದಾರೆ, ಕಡಿಮೆಯಾಗಬೇಕಾದದ್ದು ಮದುವೆಯಾಗದ ಗಂಡುಗಳ ಸಂಖ್ಯೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಈಗ ಲೆಕ್ಕ ಸಲೀಸು. ಯೋಜನಾ ವರದಿಯಲ್ಲಿ ವಾಹನ ಗಣತಿಯ ಜಾಗಕ್ಕೆ ಜಾತಕ ಹಾಕಿ. ಬಸ್ಸಿನ ಹುಡುಗ, ಮೆಟ್ರೋ ಹುಡುಗ ಇವರನ್ನೆಲ್ಲ ಕೈಬಿಡಿ, ಅವರಿಗೆ ಹೆಣ್ಣು ಸಿಗುವುದಿಲ್ಲವಲ್ಲ. ಉಳಿದವನ ದಿಬ್ಬಣ ಹೆಬ್ಬಾಳದಲ್ಲಿ ಇಳಿದು, ಟೋಲ್ ಕಟ್ಟಿ, ಸಿಲ್ಕ್ ಬೋರ್ಡಿನಲ್ಲಿ ಮೇಲೇಳುತ್ತದೆ. ಛತ್ರ ಅಲ್ಲಿಂದ ಎರಡೇ ಕಿಲೋಮೀಟರ್. ಪುರೋಹಿತರಿಗೆ ಮೊದಲೇ ಹೇಳಿಬಿಡಿ: ಬೆಳಗಿನ ಮುಹೂರ್ತ ಬೇಡ, ಗೋಧೂಳಿ ಲಗ್ನವೇ ಇರಲಿ.