ಕಟ್ ನಿನ್ನೆಯೂ ಕಟ್

ಮೊದಲ ಪಾಠದಲ್ಲಿ ಇಂಗ್ಲಿಷಿನ ಭೂತಕಾಲ ಎಷ್ಟು ಸಾಧು! ಕ್ರಿಯಾಪದದ ಕೊನೆಗೆ ‘ಈ, ಡಿ’ ಅಂಟಿಸಿದರೆ ಮುಗಿಯಿತು. ಕನ್ನಡದಲ್ಲಾದರೆ ಆಡಿದನು, ಆಡಿದಳು, ಆಡಿದೆವು ಅಂತ ಆಳು ನೋಡಿ ಬದಲಾಯಿಸಬೇಕು. ಅಲ್ಲಿ ‘ಪ್ಲೇಯ್ಡ್’ ಅಂದರೆ ಮನೆಮಂದಿಯೆಲ್ಲ ಆಡಿಬಿಟ್ಟ ಹಾಗೆ.

ತಕರಾರು ಆಮೇಲೆ ಶುರು. ಬರೆಯುವುದು ಒಂದೇ ‘ಈ, ಡಿ’, ಬಾಯಲ್ಲಿ ಮಾತ್ರ ಮೂರು ಥರ: ವಾಕ್ಟ್, ಪ್ಲೇಯ್ಡ್, ವಾಂಟಿಡ್. ಅದೂ ಹೋಗಲಿ. ಗೋ, ಕಮ್, ಈಟ್, ಸಿಟ್ ಅಂತ ದಿನಾ ಬೇಕಾದ ಪದಗಳೇ ಈ ನಿಯಮಕ್ಕೆ ಕ್ಯಾರೇ ಅನ್ನುವುದಿಲ್ಲ. ಎಲ್ಲರ ಬಾಯಲ್ಲೂ ಸದಾ ಓಡಾಡುತ್ತವಲ್ಲ, ಹಳೇ ರೂಪ ಬಿಟ್ಟುಕೊಡುವುದಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ‘ಗೂಗಲ್’ ಪಾಪ, ಮರುಮಾತಿಲ್ಲದೆ ‘ಗೂಗಲ್ಡ್’ ಆಯಿತು. ‘ಗೋ’ ಅಂತೂ ‘ವೆಂಡ್’ ಎಂಬ ಬೇರೆ ಪದದ ‘ವೆಂಟ್’ ಅನ್ನು ಶತಮಾನಗಳ ಹಿಂದೆಯೇ ಎತ್ತಿಕೊಂಡು ಬಂದಿದೆ. ಇನ್ನೂ ವಾಪಸ್ ಕೊಟ್ಟಿಲ್ಲ. ನಗು–ನಕ್ಕ, ಅಳು–ಅತ್ತ, ಬೀಳು–ಬಿದ್ದ ಇಟ್ಟುಕೊಂಡ ನಾವೂ ಜಾಸ್ತಿ ಮಾತಾಡುವ ಹಾಗಿಲ್ಲ ಅನ್ನಿ.

ಇವುಗಳಲ್ಲಿ ನಿಜವಾದ ಕಿಲಾಡಿ ‘ಲೈ’. ಸುಳ್ಳು ಹೇಳಿದರೆ ‘ಲೈಡ್’, ಮಲಗಿದರೆ ‘ಲೇ’. ನಮ್ಮ ಆಫೀಸಿನ ಗೆಳೆಯನೊಬ್ಬ ಜ್ವರ ಅಂತ ರಜೆ ಹಾಕಿದ್ದ. ಮರುದಿನ ಮ್ಯಾನೇಜರಿಗೆ ಮೇಲ್ ಬರೆದ: ‘ಐ ಲೈಡ್ ಇನ್ ಬೆಡ್ ಆಲ್ ಡೇ ಯೆಸ್ಟರ್‌ಡೇ.’

‘ನನಗೂ ಹಾಗೇ ಅನ್ನಿಸಿತ್ತು’ ಅಂತ ಉತ್ತರ ಬಂತು.

ಗಾಬರಿಯಾಗಿ ‘ಲೇಯ್ಡ್’ ಅಂತ ತಿದ್ದಿ ಕಳಿಸಿದ. ಅದು ಕೋಳಿ ಮೊಟ್ಟೆಯಿಟ್ಟಾಗ ಬರುವ ಪದ. ಮ್ಯಾನೇಜರ್ ‘ಎಷ್ಟು?’ ಅಂತ ಕೇಳಿದರು.

ನನ್ನ ಹತ್ತಿರ ಓಡಿಬಂದ. ‘ಲೇ’ ಅಂತ ಬರಿಯಪ್ಪ ಅಂದೆ.

‘ಮ್ಯಾನೇಜರಿಗೆ ಲೇ ಅನ್ನೋಕಾಗುತ್ತಾ?’

ಸರಿ, ಹಾಗಾದರೆ ‘ಡಿಡ್’ ಹಿಡಿದುಕೋ ಅಂದೆ. ಡಿಡ್ ಬಂತೋ, ಭೂತಕಾಲದ ಭಾರವೆಲ್ಲ ಅದೇ ಹೊರುತ್ತೆ. ಮುಂದಿನ ಪದವನ್ನು ಮುಟ್ಟಲೇಬೇಕಿಲ್ಲ. ‘ಡಿಡ್ ನಾಟ್ ವೆಂಟ್’ ಅನ್ನುವವರು ಒಂದೇ ಕೆಲಸಕ್ಕೆ ಎರಡು ಆಳು ಹಾಕುತ್ತಾರೆ, ಅಷ್ಟೇ. ಅವನಿಗೆ ಇದು ಹಿಡಿಸಿತು. ತಕ್ಷಣ ಬರೆದ: ‘ಸರ್, ಐ ಡಿಡ್ ನಾಟ್ ಲೈ.’ ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಸುಳ್ಳು ಹೇಳಲಿಲ್ಲ ಅಂತಲೂ ಆಯಿತು, ಮಲಗಲೇ ಇಲ್ಲ ಅಂತಲೂ ಆಯಿತು. ಮ್ಯಾನೇಜರ್ ಎರಡನೆಯದನ್ನೇ ಹಿಡಿದುಕೊಂಡರು.

ಈಗ ರಜೆ ಬೇಕಾದರೆ ಅವನಿಗೆ ಜ್ವರ ಬರುವುದಿಲ್ಲ. ಬೆರಳು ಕೊಯ್ದುಕೊಳ್ಳುತ್ತಾನೆ. ‘ಕಟ್’ ಇವತ್ತೂ ‘ಕಟ್’, ನಿನ್ನೆಯೂ ‘ಕಟ್’.