ಕಾಕಾ, ನಿಮಗಿಂತ ನೀವೇ ಹಿಂದೆ ಬಿದ್ದಿದ್ದೀರಿ

ಕಲಬುರಗಿಯಲ್ಲಿ ಈಚೆಗೆ ನಡೆದ ಒಂದು ಸಮಾರಂಭದಲ್ಲಿ ಹಲಗೆಯವರಿಗೆ ಕೊಟ್ಟ ಸೂಚನೆ ಇದು: ಕೋಲು ಚರ್ಮದಿಂದ ಬೆರಳಷ್ಟು ದೂರದಲ್ಲೇ ನಿಲ್ಲಬೇಕು. ತಪ್ಪಿ ತಾಗಿದರೆ ಸದ್ದಾಗುತ್ತದೆ, ಸದ್ದಾದರೆ ಕಾರ್ಯಕ್ರಮ ಕೆಡುತ್ತದೆ. ಹಲಗೆಯಿಂದ ಸದ್ದು ಬಂದರೆ ಹಲಗೆವಾದನ ಕೆಡುತ್ತದೆ ಎಂಬ ಈ ಸಂಶೋಧನೆ ಧ್ವನಿವ್ಯವಸ್ಥೆಯವರದು. ವೇದಿಕೆಯ ಪಕ್ಕದಲ್ಲಿ, ಕೂಲರ್ ಗಾಳಿಗೆ ಮುಖವೊಡ್ಡಿ ಒಂದು ಲ್ಯಾಪ್‌ಟಾಪ್ ಕುಳಿತಿತ್ತು. ಹಲಗೆ ಅದರೊಳಗಿತ್ತು.

ಆರು ಮಂದಿ ರುಮಾಲು ಸುತ್ತಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಗಾಳಿಗೆ ಹೊಡೆದರು. ಬಾರಿಸುವುದಕ್ಕಿಂತ ಬಾರಿಸದಿರುವುದು ಕಷ್ಟದ ವಿದ್ಯೆ ಎಂದು ಅವರ ಬೆವರು ನೋಡಿದ ಮೇಲೆ ತಿಳಿಯಿತು. ಬೀಸಿದ ಕೈಯನ್ನು ಅರ್ಧದಲ್ಲಿ ಹಿಡಿದು ನಿಲ್ಲಿಸಲು ತೋಳಿಗೆ ಎರಡು ಪಟ್ಟು ದುಡಿಮೆ. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಲ್ಯಾಪ್‌ಟಾಪ್ ಹುಡುಗ ನಾಲ್ಕು ನಿಮಿಷದ ತಾಳವನ್ನು 22 ಸಲ ಸುತ್ತಿಸಿದ. ನಿರೂಪಕರು ಇದನ್ನು ‘ನೇರ ಪ್ರದರ್ಶನ’ ಎಂದು ಘೋಷಿಸಿದರು. ಯಾರೂ ಹುಬ್ಬೇರಿಸಲಿಲ್ಲ. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೊಸ ಹೆಸರಿಗೆ ಒಗ್ಗಿಕೊಳ್ಳುವುದು ನಮಗೆ ರೂಢಿ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ನಾನು ಕಂಡ ಸ್ಟುಡಿಯೊ ಎಂದರೆ ಮನೆಯ ಮೇಲಿನ ಒಂದು ಕೋಣೆ, ಗೋಡೆಗೆ ಫೋಮು, ಕಿಟಕಿಗೆ ಕೌದಿ. ಅಲ್ಲಿ ಪೂರ್ತಿ ಡ್ರಮ್ ಸೆಟ್ ಇಟ್ಟು ಎಂಟು ಮೈಕ್ ನೆಟ್ಟರೆ ಹಾಡುವವರು ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ, ಕೆಳಗಿನ ಮನೆಯ ಕುಕ್ಕರ್ ಸೀಟಿಯೂ ಹಾಡಿನೊಳಗೆ ಸೇರುತ್ತದೆ. 1980ರಲ್ಲಿ ರೋಜರ್ ಲಿನ್ ಎಂಬ ಅಮೆರಿಕದ ಗಿಟಾರ್ ವಾದಕರು ನಿಜವಾದ ಡ್ರಮ್ಮಿನ ದನಿಯನ್ನೇ ತುಂಬಿದ ಎಲ್‌ಎಂ-1 ಯಂತ್ರವನ್ನು ಹೊರತಂದದ್ದು ಇಂಥ ಕೋಣೆಗಳಿಗೆ ವರವೇ ಆಯಿತು. ಈಗಿನ ತಂತ್ರಾಂಶಗಳು ಇನ್ನೂ ಜಾಣ. ಏಟಿನ ಬಿರುಸನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಅಳೆಯುತ್ತವೆ. ಮೆಲ್ಲನೆಯ ಏಟಿಗೆ ಒಂದು ಧ್ವನಿಮುದ್ರಣ, ಬಿರುಸಿನದಕ್ಕೆ ಇನ್ನೊಂದು. ಒಂದೇ ಏಟು ಮತ್ತೆ ಮತ್ತೆ ಬಿದ್ದರೆ ಕಿವಿಗೆ ಗೊತ್ತಾಗಬಾರದೆಂದು ಬೇರೆ ಬೇರೆ ಮುದ್ರಣಗಳನ್ನು ಸರದಿಯ ಮೇಲೆ ಕಳಿಸುತ್ತವೆ.

ಇಷ್ಟಾದರೂ ಯಂತ್ರ ನುಡಿಸಿದ್ದು ರುಚಿಸುವುದಿಲ್ಲ, ಏಕೆಂದರೆ ಅದು ತಪ್ಪುವುದಿಲ್ಲ. ಅದಕ್ಕೆಂದು ‘ಹ್ಯೂಮನೈಸ್’ ಎಂಬ ಗುಂಡಿ ಇಟ್ಟಿದ್ದಾರೆ. ಒತ್ತಿದರೆ ಏಟುಗಳು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹಿಂದೆ ಮುಂದೆ ಸರಿಯುತ್ತವೆ, ಮನುಷ್ಯನ ಕೈ ತಪ್ಪಿದಂತೆ. ಅದೇ ಕೋಣೆಗೆ ನಿಜವಾದ ಮನುಷ್ಯ ಬಂದರೆ ಮೊದಲು ಕಿವಿಗೆ ಟಿಕ್ ಟಿಕ್ ಸದ್ದು ಹಾಕುತ್ತಾರೆ. ಆ ಮೇಲೂ ಅವನ ಏಟು ಕೂದಲೆಳೆಯಷ್ಟು ಆಚೀಚೆಯಾದರೆ ‘ಕ್ವಾಂಟೈಸ್’ ಎಂಬ ಇನ್ನೊಂದು ಗುಂಡಿಯಿಂದ ಗೆರೆಗೆ ಎಳೆದು ಕೂರಿಸುತ್ತಾರೆ. ಯಂತ್ರಕ್ಕೆ ತಪ್ಪು ಕಲಿಸುವ ಕೆಲಸಕ್ಕೆ ಒಂದು ಬಿಲ್, ಮನುಷ್ಯನ ತಪ್ಪು ತಿದ್ದುವುದಕ್ಕೆ ಇನ್ನೊಂದು.

ಹೋಗಲಿ, ಅದು ಸ್ಟುಡಿಯೊ. ಮುಚ್ಚಿದ ಬಾಗಿಲ ಹಿಂದೆ ಅಡುಗೆ ಹೇಗೆ ಮಾಡಿದರೆ ನಮಗೇನು, ಊಟ ಚೆನ್ನಾಗಿದ್ದರೆ ಸಾಕು. ವೇದಿಕೆಯ ಮಾತು ಬೇರೆ. ಜಾತ್ರೆಯಲ್ಲಿ ಹಲಗೆಯವನು ಗಡಿಯಾರ ನೋಡುವುದಿಲ್ಲ, ಕುಣಿಯುವವರ ಕಾಲು ನೋಡುತ್ತಾನೆ. ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸುವಾಗ ತಾಳವನ್ನು ಒಂದಿಷ್ಟು ತಡೆಯುತ್ತಾನೆ, ಓಣಿ ತಿರುಗಿದೊಡನೆ ಬಿಡುತ್ತಾನೆ. ಲ್ಯಾಪ್‌ಟಾಪಿಗೆ ಓಣಿ ಗೊತ್ತಿಲ್ಲ.

ಅದಕ್ಕೆ ಸೆಕೆಯೂ ಆಗಿಬರುವುದಿಲ್ಲ. ಬಿಗಿ ಬರಲಿ ಎಂದು ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಲ್ಯಾಪ್‌ಟಾಪ್ ಕಾದರೆ ಕೈಕೊಡುತ್ತದೆ. ವ್ಯವಸ್ಥಾಪಕರು ಕೂಲರಿಗೆ ಒಪ್ಪಿದರು, ಒಂದು ಹಿಡಿ ಹುಲ್ಲು ಸುಡಲು ಒಪ್ಪಲಿಲ್ಲ. ಸದ್ದು ಮಾಡದ ಹಲಗೆಯನ್ನು ಕಾಯಿಸುವುದೇಕೆ ಎಂದು ಕೇಳಿದರು. ಆ ತರ್ಕಕ್ಕೆ ಉತ್ತರವಿಲ್ಲ. (ಸತ್ತ ದನದ ಚರ್ಮವೆಂದು ಹಲಗೆಯನ್ನೂ ಅದನ್ನು ಬಾರಿಸುವವರನ್ನೂ ಹೊಸ್ತಿಲಾಚೆಯೇ ನಿಲ್ಲಿಸಿದ ಮನೆತನಗಳು ಈಗ ಅದರ ದನಿಯನ್ನು ಪೆನ್‌ಡ್ರೈವಿನಲ್ಲಿ ಎದೆಯ ಜೇಬಿಗೇ ಇಳಿಸಿಕೊಂಡಿವೆ. ಪೆನ್‌ಡ್ರೈವಿಗೆ ಮೈಲಿಗೆ ಇಲ್ಲ.)

ಆರು ಮಂದಿಯಲ್ಲಿ ಹಿರಿಯರೊಬ್ಬರಿದ್ದರು. ಲ್ಯಾಪ್‌ಟಾಪಿನೊಳಗಿನ ಹಲಗೆ ಅವರದೇ ಎಂದು ಆಮೇಲೆ ತಿಳಿಯಿತು. ಮೂರು ವರ್ಷದ ಹಿಂದೆ ಆ ಹುಡುಗ ಅವರನ್ನು ಕೋಣೆಯಲ್ಲಿ ಕೂರಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಹೊಡೆಸಿದ್ದ: ಮೆಲ್ಲಗೆ, ಇನ್ನೂ ಮೆಲ್ಲಗೆ, ಜೋರಾಗಿ, ಅಂಚಿಗೆ, ನಡುವಿಗೆ. ಒಂದು ದಿನದ ಕೂಲಿ, ಮೇಲೆ ಸುಸಲಾ ಮತ್ತು ಮಿರ್ಚಿ ಕೊಟ್ಟಿದ್ದ. ಈಗ ಅವೇ ಏಟುಗಳು ಸ್ಪೀಕರಿನಿಂದ ಮಳೆಯಂತೆ ಸುರಿಯುತ್ತಿದ್ದವು, ಅವರ ಕೋಲು ಹಿಂದೆ ಉಳಿಯುತ್ತಿತ್ತು. ಹುಡುಗ ಬದಿಯಿಂದಲೇ ಕೂಗಿದ:

“ಕಾಕಾ, ನಿಮಗಿಂತ ನೀವೇ ಹಿಂದೆ ಬಿದ್ದಿದ್ದೀರಿ. ಸ್ವಲ್ಪ ಬೇಗ!”

“ಅವನಿಗೆ ಮೊಣಕೈ ನೋವಿಲ್ಲವಲ್ಲ ತಮ್ಮಾ,” ಎಂದರು ಕಾಕಾ.

ಕೊನೆಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ ಹುಡುಗನಿಗೆ. ಆರು ಮಂದಿಗೆ ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ. ಪತ್ರದಲ್ಲಿ ‘ಹಲಗೆ ವಾದನ’ ಎಂದಿತ್ತು.

ವಂದನಾರ್ಪಣೆ ನಡೆಯುತ್ತಿದ್ದಾಗ ಕಾಕಾ ಹಿಂಬದಿಗೆ ಹೋಗಿ, ಬಂದಿದ್ದ ಟೆಂಪೊದ ಮರೆಯಲ್ಲಿ ಹುಲ್ಲು ಹೊತ್ತಿಸಿ ಹಲಗೆ ಕಾಯಿಸಿಕೊಂಡು ಒಂದೇ ಏಟು ಹೊಡೆದರು. ಚಪ್ಪರದೊಳಗಿನ ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. ಹುಡುಗ ಮೊಬೈಲ್ ಹಿಡಿದು ಓಡಿ ಬಂದ. “ಕಾಕಾ, ಈ ದನಿ ನಮ್ಮ ಹತ್ತಿರ ಇಲ್ಲ. ಇನ್ನೊಂದು ಸಲ ಹೊಡೆಯಿರಿ, ರೆಕಾರ್ಡ್ ಮಾಡಿಕೊಳ್ಳುತ್ತೇನೆ.”

ಕಾಕಾ ತೋಳೆತ್ತಿ ಬೀಸಿ, ಕೋಲನ್ನು ಚರ್ಮದಿಂದ ಬೆರಳಷ್ಟು ದೂರದಲ್ಲಿ ನಿಲ್ಲಿಸಿದರು.