ಫ್ಲೇವರ್ ಅಂದರೆ ರುಚಿಯಾ, ಘಮವಾ?

ಕರ್ನಾಟಕ ಬಿಟ್ಟು ಬಂದ ಮೇಲೆ ದಿನವಿಡೀ ಕಿವಿಗೆ ಬೀಳುವುದು ಇಂಗ್ಲಿಷೇ. ಜೊತೆಗೆ ಕೆಲಸ ಮಾಡುವವರಲ್ಲಿ ವೇಪ್ (ಇ-ಸಿಗರೇಟ್) ಎಳೆಯುವವರು ಹಲವರಿದ್ದಾರೆ. ಅವರಿಗೆ ‘ಫ್ಲೇವರ್’ ಅನ್ನುವ ಒಂದು ಪದ ಸಾಕು. ನಾಲಿಗೆಗೆ ಸಿಹಿ ಹತ್ತಿದರೂ ಫ್ಲೇವರ್, ಮೂಗಿಗೆ ಘಮ್ಮೆಂದರೂ ಫ್ಲೇವರ್. ನಾವು ಹಾಗೆ ಮಾತಾಡುವುದಿಲ್ಲ ಅಲ್ವಾ? ನಾಲಿಗೆಗೆ ರುಚಿ, ಮೂಗಿಗೆ ಘಮ, ಗಂಟಲು ಹಿಡಿದರೆ ಘಾಟು. ವೇಪ್‌ನಲ್ಲಿ ಕಾದು ಆವಿಯಾಗುವ ದ್ರವ, ಅಂದರೆ ಇ-ಲಿಕ್ವಿಡ್, ಅರ್ಥವಾಗಬೇಕಾದರೆ ನಮ್ಮ ಈ ರೀತಿಯೇ ಸರಿ ಅಂತ ನನ್ನ ಅನಿಸಿಕೆ.

ಗೆಳೆಯನೊಬ್ಬ ಮಾವಿನ ಲಿಕ್ವಿಡ್ ಒಂದನ್ನು ಬಹಳ ಹೊಗಳುತ್ತಿದ್ದ. “ಮೂಗು ಹಿಡಿದುಕೊಂಡು ಎಳೆದು ನೋಡು” ಅಂದೆ. ಎಳೆದ. ಮಾವು ಮಾಯ. ನಾಲಿಗೆಯ ಮೇಲೆ ತೆಳುವಾದ ಸಿಹಿ, ಗಂಟಲಲ್ಲಿ ಒಂಚೂರು ಉರಿ, ಅಷ್ಟೇ ಉಳಿದದ್ದು. ಆವಿಯನ್ನು ಹೊರಗೆ ಬಿಡುತ್ತಾ ಬೆರಳು ತೆಗೆದ, ಮಾವು ವಾಪಸ್ ಬಂತು! ಬಾಯಿಯ ಹಿಂದಿನಿಂದ ಮೂಗಿಗೆ ಏರುವ ಆವಿಯೇ ಆ ಮಾವು.

ಬಾಟಲಿಯಲ್ಲಿ ಹೆಚ್ಚು ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ವೆಜಿಟಬಲ್ ಗ್ಲಿಸರಿನ್. ಗ್ಲಿಸರಿನ್‌ಗೆ ತನ್ನದೇ ಸಿಹಿ ಇದೆ, ಆವಿಯೂ ದಟ್ಟ. ಗ್ಲೈಕಾಲ್ ಅದಕ್ಕಿಂತ ತೆಳು, ಘಾಟು ಜಾಸ್ತಿ. ಘಮಕ್ಕೆ ಹಣ್ಣೇ ಬೇಕು ಅಂತಿಲ್ಲ. ಐಸೊಅಮೈಲ್ ಅಸಿಟೇಟ್ ಇದ್ದರೆ ಬಾಳೆಹಣ್ಣು, ವೆನಿಲಿನ್ ಇದ್ದರೆ ವೆನಿಲ್ಲಾ. ಮೆಂಥಾಲ್ ಕೊಡುವ ತಂಪು ರುಚಿಯೂ ಅಲ್ಲ, ಘಮವೂ ಅಲ್ಲ. ಚಳಿಯನ್ನು ಗುರುತಿಸುವ ನರಗಳನ್ನೇ ಅದು ತಟ್ಟುತ್ತದೆ, ಆವಿ ಬೆಚ್ಚಗಿದ್ದರೂ ತಣ್ಣಗೆನಿಸುತ್ತದೆ. ಸಿಹಿಗೆ ಸುಕ್ರಲೋಸ್ ಹಾಕಿದ್ದರೆ ಲಿಕ್ವಿಡ್ ಕಾಯಿಸುವ ತಂತಿ ಸುರುಳಿ, ಅಂದರೆ ಕಾಯಿಲ್, ಬಿಚ್ಚಿ ನೋಡಿ: ಲಿಕ್ವಿಡ್ ಹೀರುವ ಬಿಳಿ ಹತ್ತಿ ಕಪ್ಪಾಗಿ, ತಂತಿಗೆ ಸುಟ್ಟ ಪಾಕದ ಹಾಗೆ ಅಂಟಿಕೊಂಡಿರುತ್ತದೆ.

ಬೆಳಿಗ್ಗೆ ಚೆನ್ನಾಗಿದ್ದ ಫ್ಲೇವರ್ ಸಂಜೆಗೆ ಸಪ್ಪೆಯಾಯಿತು ಅಂತ ಕೆಲವರು ಇನ್ನೂ ಗಾಢವಾದದ್ದನ್ನು ಹುಡುಕುತ್ತಾರೆ. ಎಷ್ಟೋ ಸಲ ಲಿಕ್ವಿಡ್ ಕೆಟ್ಟಿರುವುದಿಲ್ಲ, ಮೂಗು ಆ ಘಮಕ್ಕೆ ಒಗ್ಗಿಹೋಗಿರುತ್ತದೆ.

ನನಗೆ ಹೆಚ್ಚು ಚಿಂತೆ ಘಾಟಿನದು. ಅದಕ್ಕೆ ಜೊತೆಗೆ ಕೆಲಸ ಮಾಡುವ ಆ ವೇಪ್‌ನವರಲ್ಲೂ ‘ಥ್ರೋಟ್ ಹಿಟ್’ (ಗಂಟಲಿಗೆ ಬೀಳುವ ಪೆಟ್ಟು) ಅನ್ನುವ ಮಾತಿದೆ, ಆದರೆ ಅದನ್ನು ಬೇಕಾದಷ್ಟು ಏರಿಸಿ ಇಳಿಸಿಕೊಳ್ಳುವ ಮಜಾ ಅಂತಲೇ ನೋಡುತ್ತಾರೆ. ನಮಗೆ ಘಾಟು ಅಂದರೆ ಮುಖ ತಿರುಗಿಸು, ಕಿಟಕಿ ತೆಗೆ ಅಂತ. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲದಂಥ ಆಮ್ಲ ಸೇರಿಸಿ ಸಾಲ್ಟ್ (ಲವಣ) ಮಾಡಿದರೆ ಘಾಟು ಇಳಿಯುತ್ತದೆ. ಕೆಮ್ಮು ಬರಬೇಕಾದಷ್ಟು ನಿಕೋಟಿನ್ ನಯವಾಗಿ ಒಳಗೆ ಹೋಗುತ್ತದೆ. ಮೇಲೆ ಹಣ್ಣಿನ ಘಮ ಬೇರೆ. ಮೊದಲ ಸಲ ಎಳೆಯುವ ಚಿಕ್ಕ ವಯಸ್ಸಿನವರನ್ನು ತಡೆಯಲು ಆಗ ಏನು ಉಳಿಯಿತು? ಚಟ ಹತ್ತಿಸುವುದು ನಿಕೋಟಿನ್, ದಾರಿ ಸುಲಭ ಮಾಡುವುದು ಈ ನಯ.

‘ರುಚಿ’ ಅಂದುಬಿಟ್ಟರೆ ಇನ್ನೊಂದು ತೊಂದರೆ ಇದೆ. ಅದು ತಿನ್ನುವ ಪದಾರ್ಥ ಅನ್ನಿಸುತ್ತದೆ. “ಇದರಲ್ಲಿರೋದು ಆಹಾರಕ್ಕೆ ಹಾಕೋ ಫ್ಲೇವರೇ, ಏನೂ ಆಗಲ್ಲ” ಅಂತ ಅದೇ ಗೆಳೆಯ ಹೇಳಿದ. ನಾನು ಅಮೆರಿಕದ ಮಿಸೌರಿಯ ಸಂಗತಿ ಹೇಳಿದೆ. 2000ರಲ್ಲಿ ಅಲ್ಲಿನ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದಿದ್ದ ಎಂಟು ಜನರಿಗೆ ಶ್ವಾಸಕೋಶದ ಸಣ್ಣ ಕೊಳವೆಗಳು ಹಾಳಾಗುವ ಕಾಯಿಲೆ ಇರುವುದು ಬೆಳಕಿಗೆ ಬಂತು. ಬೆಣ್ಣೆಯ ಘಮ ಕೊಡುವ ಡಯಾಸಿಟೈಲ್‌ನ ಆವಿಯ ಕಡೆಗೆ ತನಿಖೆ ಬೆರಳು ತೋರಿಸಿತು. ತಿನ್ನಲು ಒಪ್ಪಿಗೆ ಇದ್ದ ವಸ್ತುವೇ ಅದು, ಅವರು ಅದನ್ನು ಉಸಿರಾಡಿದ್ದರು. ಕೆಲವು ಇ-ಲಿಕ್ವಿಡ್‌ಗಳಲ್ಲೂ ಡಯಾಸಿಟೈಲ್ ಸಿಕ್ಕಿದೆ. ಕಾರ್ಖಾನೆಯ ಗಾಳಿ, ವೇಪ್‌ನ ಆವಿ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆ ಒಪ್ಪಿದ್ದನ್ನೆಲ್ಲ ಶ್ವಾಸಕೋಶ ಒಪ್ಪಲೇಬೇಕು ಅಂತಿಲ್ಲ ಅಂತಷ್ಟೇ ಹೇಳಿದೆ.

ಗೆಳೆಯ ಬಾಟಲಿ ತಿರುಗಿಸಿ ಚೀಟಿ ಓದಿದ. ನಿಕೋಟಿನ್ ಎಷ್ಟು, ಗ್ಲಿಸರಿನ್ ಎಷ್ಟು ಅಂತ ಬರೆದಿತ್ತು. ಮಾವಿನ ಜಾಗದಲ್ಲಿ ‘ಫ್ಲೇವರಿಂಗ್’ ಅಂತ ಒಂದೇ ಪದ.